ಮನೆಯ ವಾಹನ: ಎಣ್ಣೆ ಬೇಡದ ಕೀಲು

ಕಳೆದ ಸಂಚಿಕೆಯಲ್ಲಿ ಟೈರುಗಳು ಒಂದೇ ಅಂಚಿನಲ್ಲಿ ಸವೆಯುವುದರ ಕಾರಣಗಳನ್ನು ವಿವೇಚಿಸುವಾಗ, ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ರಬ್ಬರ್ ಬುಷ್‌ಗಳ ವಿಚಾರವನ್ನು ಪ್ರತ್ಯೇಕವಾಗಿ ಬರೆಯುವೆವೆಂದು ಸೂಚಿಸಿದ್ದೆವು. ಹದಿನೈದು ಇಪ್ಪತ್ತು ವರ್ಷದ ಕಾರನ್ನು ಜೋಪಾನವಾಗಿ ಉಳಿಸಿಕೊಂಡು ಬಂದಿರುವ ಗೃಹಸ್ಥರಿಗೆ ಈ ವಿಷಯವು ತೀರ ಸಮೀಪದ್ದು. ಇಂತಹ ಕಾರು ಗುಂಡಿಗೆ ಇಳಿದಾಗ ಟಕ್ಕೆಂದು ಸದ್ದು ಮಾಡುವುದಕ್ಕೂ, ಬ್ರೇಕನ್ನು ಒತ್ತಿದೊಡನೆ ಒಂದು ಪಕ್ಕಕ್ಕೆ ಎಳೆಯುವುದಕ್ಕೂ ಪ್ರಾರಂಭಿಸಿತೆಂದರೆ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ‘ಗಾಡಿಗೆ ವಯಸ್ಸಾಯಿತು, ಬಂದಷ್ಟಕ್ಕೆ ಮಾರಿಬಿಡುವುದೇ ಲೇಸು’ ಎಂಬುದು ಒಂದು. ‘ಸದ್ದು ತಾನೆ, ಓಡುವಷ್ಟು ದಿನ ಓಡಲಿ’ ಎಂಬುದು ಇನ್ನೊಂದು. ಮೊದಲನೆಯದರಿಂದ ಹಣವು ವ್ಯರ್ಥವಾಗಬಹುದು. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಅನೇಕ ವೇಳೆ ಎರಡಕ್ಕೂ ಮೂಲವು ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ ಒಂದು ರಬ್ಬರ್ ತುಂಡು.

ಮುಂದಿನ ಚಕ್ರದ ಹಿಂದುಗಡೆ ಬಗ್ಗಿ ನೋಡಿದರೆ, ಕಾರಿನ ಒಡಲಿನಿಂದ ಚಕ್ರದ ಬುಡಕ್ಕೆ ಅಡ್ಡಲಾಗಿ ಚಾಚಿರುವ ಕಬ್ಬಿಣದ ತೋಳೊಂದು ಕಾಣುತ್ತದೆ. ಗ್ಯಾರೇಜಿನವರು ಇದನ್ನು ಲೋವರ್ ಆರ್ಮ್ ಎಂದು ಕರೆಯುತ್ತಾರೆ. ಚಕ್ರವು ಹಳ್ಳ ತಿಟ್ಟುಗಳಲ್ಲಿ ಮೇಲಕ್ಕೂ ಕೆಳಕ್ಕೂ ಆಡಬೇಕು. ಆದರೆ ಹಿಂದು ಮುಂದಕ್ಕಾಗಲಿ ಒಳ ಹೊರಕ್ಕಾಗಲಿ ಜರುಗಕೂಡದು. ಈ ಎರಡು ಕಟ್ಟಳೆಗಳನ್ನೂ ಏಕಕಾಲದಲ್ಲಿ ಪಾಲಿಸುವುದೇ ತೋಳಿನ ಕೆಲಸ. ತೋಳಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್ ಎಂಬ ಗುಂಡುಕೀಲು ಇರುತ್ತದೆ. ಒಡಲಿಗೆ ಸೇರುವ ಒಳತುದಿಯಲ್ಲಿ ಇರುವುದೇ ಬುಷ್. ೧೯೫೦ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು ಈಗ ಸಣ್ಣ ಕಾರುಗಳಲ್ಲೆಲ್ಲ ಸಾಮಾನ್ಯವಾಗಿದೆ. ಇದರಲ್ಲಿ ಮೇಲುಗಡೆ ತೋಳೇ ಇಲ್ಲದಿರುವುದರಿಂದ ಕೆಳಗಿನ ತೋಳಿನ ಹೊಣೆಯು ಹೆಚ್ಚು. ೧೯೮೩ರ ಡಿಸೆಂಬರ್‌ನಲ್ಲಿ ಜನರ ಕೈಸೇರಿ, ೨೦೧೪ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ ೮೦೦ರ ಮುಂಭಾಗವೂ ಇದೇ ಬಗೆಯದು. ಆ ಕಾರುಗಳು ನಮ್ಮ ಊರುಗಳಲ್ಲಿ ಇಂದಿಗೂ ಓಡಾಡುತ್ತಿವೆ.

ಬುಷ್ಷಿನ ರಚನೆಯು ಸರಳವಾದುದು. ಹೊರಗೆ ಒಂದು ಉಕ್ಕಿನ ಕೊಳವೆ, ಒಳಗೆ ಒಂದು ಚಿಕ್ಕ ಉಕ್ಕಿನ ಕೊಳವೆ, ಎರಡರ ನಡುವೆ ರಬ್ಬರು. ರಬ್ಬರು ಎರಡು ಕೊಳವೆಗಳಿಗೂ ಬಿಡಿಸಲಾರದಂತೆ ಬೆಸೆದುಕೊಂಡಿರುತ್ತದೆ. ಹೊರಗಿನ ಕೊಳವೆಯು ತೋಳಿನ ತೂತಿನೊಳಗೆ ಬಿಗಿಯಾಗಿ ಕೂತಿದ್ದರೆ, ಒಳಗಿನ ಕೊಳವೆಯು ಬೋಲ್ಟಿನ ಮೂಲಕ ಒಡಲಿಗೆ ಬಿಗಿಯಲ್ಪಟ್ಟಿರುತ್ತದೆ. ಹಾಗಾದರೆ ತೋಳು ಆಡುವುದೆಂತು? ಇಲ್ಲಿಯೇ ಇದರ ಗುಟ್ಟಿರುವುದು. ಎತ್ತಿನ ಗಾಡಿಯ ಚಕ್ರವು ಅಚ್ಚಿನ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಆದುದರಿಂದಲೇ ಗಾಡಿಯವನು ಕೀಲೆಣ್ಣೆಯ ಗೊಟ್ಟವನ್ನು ನೇತುಹಾಕಿಕೊಂಡಿರುತ್ತಿದ್ದನು. ಬುಷ್ಷಿನಲ್ಲಿ ಯಾವುದೂ ಯಾವುದರ ಮೇಲೂ ಉಜ್ಜುವುದಿಲ್ಲ. ತೋಳು ಮೇಲೆದ್ದಾಗ ನಡುವಣ ರಬ್ಬರು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತುಸು ತಿರುಚಿಕೊಳ್ಳುತ್ತದೆ. ತೋಳು ಇಳಿದಾಗ ಬಿಚ್ಚಿಕೊಳ್ಳುತ್ತದೆ. ಇದು ಎಣ್ಣೆ ಬೇಡದ ಕೀಲು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವುದೆಲ್ಲವೂ ತಾನಾಗಿಯೇ ತಿಳಿಯುತ್ತದೆ.

ಮೊದಲನೆಯದಾಗಿ, ಕಿರುಗುಟ್ಟಿದ ಕೀಲಿಗೆಲ್ಲ ಎಣ್ಣೆ ಬಿಡುವ ನಮ್ಮ ಮನೆವಾರ್ತೆಯ ಅಭ್ಯಾಸವು ಇಲ್ಲಿ ಸಲ್ಲದು. ಇಂಜಿನ್ ಎಣ್ಣೆ, ಗ್ರೀಸು, ಸೀಮೆಎಣ್ಣೆ ಮೊದಲಾದುವು ಸ್ವಾಭಾವಿಕ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡಿ ಸತ್ತ್ವಹೀನವಾಗಿಸುತ್ತವೆ. ಎಣ್ಣೆ ಬಿಟ್ಟ ದಿನ ಸದ್ದು ಅಡಗಿದಂತೆ ತೋರಬಹುದು. ಆದರೆ ಒಳಗಿನ ಕೇಡು ಬೆಳೆಯುತ್ತಲೇ ಇರುತ್ತದೆ. ಇಂಜಿನ್ನಿನಿಂದ ಎಣ್ಣೆ ಸೋರಿ ಬುಷ್ಷಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಸೋರಿಕೆಯನ್ನು ನಿಲ್ಲಿಸಬೇಕು. ಇಲ್ಲವಾದರೆ ಹೊಸ ಬುಷ್ಷಿಗೂ ಅದೇ ಗತಿ.

ಸುಳ್ಯ ಪುತ್ತೂರುಗಳ ಕಡೆಯ ತೋಟಗಳಲ್ಲಿ ಮರದ ತೊಗಟೆಯನ್ನು ಗೀರಿ ರಬ್ಬರಿನ ಹಾಲನ್ನು ಇಳಿಸುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಹಸಿ ರಬ್ಬರು ಸೆಕೆಗೆ ಅಂಟಾಗಿ, ಚಳಿಗೆ ಬಿರುಸಾಗುವ ವಸ್ತು. ಗಂಧಕವನ್ನು ಬೆರಸಿ ಕಾಯಿಸಿ ಅದನ್ನು ಗಟ್ಟಿಮಾಡುವ ಕ್ರಮಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೪೪ರಲ್ಲಿ ಪೇಟೆಂಟು ಪಡೆದನು. ಹೀಗೆ ಹದಗೊಂಡ ರಬ್ಬರಿಗೂ ಆಯುಸ್ಸಿನ ಮಿತಿಯುಂಟು. ಇಂಜಿನ್ನಿನ ಶಾಖ, ಗಾಳಿಯಲ್ಲಿರುವ ಓಝೋನ್, ಎಣ್ಣೆಯ ಜಿಡ್ಡು, ಗುಂಡಿ ಉಬ್ಬುಗಳ ಪೆಟ್ಟು, ಇವೆಲ್ಲವೂ ಸೇರಿ ಅದನ್ನು ಬಿರುಕು ಬಿಡಿಸುತ್ತವೆ. ಆದುದರಿಂದ ಕಡಮೆ ಓಡಿದ ಕಾರಿನ ಬುಷ್ಷು ಚೆನ್ನಾಗಿಯೇ ಇರಬೇಕೆಂದು ನಂಬಕೂಡದು. ನಿಂತಲ್ಲಿ ನಿಂತ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ.

ಬುಷ್ಷು ಸವೆದುದರ ಲಕ್ಷಣಗಳಾವುವು? ಗುಂಡಿಯಲ್ಲಿ ಇಳಿದಾಗಲೂ ಬ್ರೇಕು ಒತ್ತಿದಾಗಲೂ ಮಂದವಾದ ಟಕ್ ಎಂಬ ಸದ್ದು. ನೇರವಾದ ರಸ್ತೆಯಲ್ಲಿಯೂ ಸ್ಟಿಯರಿಂಗನ್ನು ಆಗಾಗ ತಿದ್ದಬೇಕಾಗುವುದು. ಬ್ರೇಕು ಹಿಡಿದಾಗ ಮೂತಿ ಒಂದು ಕಡೆಗೆ ವಾಲುವುದು. ಟೈರಿನ ಒಳ ಅಂಚು ಅಥವಾ ಹೊರ ಅಂಚು ಬೇಗ ಸವೆಯುವುದು. ಇವುಗಳಲ್ಲಿ ಬ್ರೇಕಿನ ವೇಳೆ ಕಾಣುವ ಎಳೆತವು ಎಲ್ಲಕ್ಕಿಂತಲೂ ಮುಖ್ಯವಾದುದು. ಬ್ರೇಕು ಹಿಡಿದಾಗ ರಸ್ತೆಯು ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಹರಿದ ಬುಷ್ಷು ಆ ತಳ್ಳಿಗೆ ಮಣಿದು ಚಕ್ರವನ್ನು ಹಿಂದಕ್ಕೆ ಬಿಟ್ಟುಕೊಡುತ್ತದೆ. ಒಂದು ಚಕ್ರ ಮಾತ್ರ ಹೀಗೆ ಜರುಗಿದರೆ ಕಾರು ಚಾಲಕನ ಅಪ್ಪಣೆಯಿಲ್ಲದೆಯೇ ತಿರುಗುತ್ತದೆ. ಆಗುಂಬೆಯ ಘಾಟಿಯ ತಿರುವಿನಲ್ಲಿ, ಮಳೆಯ ಹೊತ್ತಿನಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುತ್ತಿರುವಾಗ ಇದರ ಅರ್ಥವೇನೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಸದ್ದೆಲ್ಲವೂ ಬುಷ್ಷಿನದೇ ಎಂದು ತೀರ್ಮಾನಿಸುವುದೂ ತಪ್ಪು. ಬಾಲ್ ಜಾಯಿಂಟ್ ಸವೆದರೂ, ಸ್ಟ್ರಟ್ಟಿನ ಮೇಲುಗಡೆಯ ರಬ್ಬರು ಹಳೆಯದಾದರೂ ಇಂತಹದೇ ಸದ್ದು ಬರುವುದುಂಟು. ಬ್ರೇಕಿನಲ್ಲಿಯೇ ದೋಷವಿದ್ದರೂ ಕಾರು ಎಳೆಯಬಹುದು. ಆದುದರಿಂದ ಹಣ ತೆರುವ ಮುನ್ನ ಕಣ್ಣಾರೆ ನೋಡುವುದು ಯುಕ್ತ. ಮೆಕ್ಯಾನಿಕ್ಕನು ತೋಳಿಗೂ ಒಡಲಿಗೂ ನಡುವೆ ಮೀಟುಗೋಲನ್ನು ಇಟ್ಟು ಮೆಲ್ಲನೆ ಮೀಟಲಿ. ಗೃಹಸ್ಥನು ಬುಷ್ಷಿನ ಮೇಲೆ ದೀಪವನ್ನು ಹಿಡಿದು ನೋಡಲಿ. ರಬ್ಬರು ಕೊಳವೆಯಿಂದ ಬಿಟ್ಟುಕೊಂಡಿದ್ದರೆ, ಒಳಗಿನ ಕೊಳವೆಯು ನಡುವಿನಿಂದ ಒಂದು ಪಕ್ಕಕ್ಕೆ ಕುಸಿದಿದ್ದರೆ, ಅಥವಾ ಕಬ್ಬಿಣಕ್ಕೆ ಕಬ್ಬಿಣ ತಗಲುತ್ತಿದ್ದರೆ ಬದಲಾಯಿಸಲೇಬೇಕು. ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮಾತ್ರ ಇದ್ದರೆ ಅವಸರವಿಲ್ಲ. ಆರು ತಿಂಗಳ ಮೇಲೆ ಮತ್ತೊಮ್ಮೆ ನೋಡಿದರೆ ಸಾಕು. ಕೆಲವು ಬುಷ್‌ಗಳಲ್ಲಿ ತಯಾರಕರೇ ಬೇಕೆಂದು ಬಿಟ್ಟ ಸಂದುಗಳಿರುತ್ತವೆ. ಅಂಚು ನಯವಾಗಿ, ಆಕಾರ ಒಂದೇ ಕ್ರಮವಾಗಿರುವ ಅಂತಹ ಸಂದನ್ನು ಹರಿದುದೆಂದು ಭ್ರಮಿಸಬಾರದು.

ಬದಲಾಯಿಸಬೇಕೆಂದು ನಿಶ್ಚಯವಾದ ಮೇಲೆ, ಬುಷ್ಷನ್ನು ಮಾತ್ರ ಹಾಕಿಸುವುದೋ ಅಥವಾ ತೋಳನ್ನೇ ಹೊಸದಾಗಿ ಹಾಕಿಸುವುದೋ ಎಂಬ ಪ್ರಶ್ನೆ ಬರುತ್ತದೆ. ತೋಳು ಬಾಗದೆ ತುಕ್ಕು ಹಿಡಿಯದೆ ಇದ್ದು, ಬಾಲ್ ಜಾಯಿಂಟ್ ಬಿಗಿಯಾಗಿದ್ದರೆ ಬುಷ್ಷೊಂದೇ ಸಾಕು. ಬಾಲ್ ಜಾಯಿಂಟೂ ಸವೆದಿದ್ದು, ಅದು ತೋಳಿನೊಡನೆಯೇ ಬರುವ ಜಾತಿಯದಾದರೆ, ಪೂರ್ತಿ ತೋಳನ್ನು ಕೊಳ್ಳುವುದೇ ಲಾಭಕರ. ಕೂಲಿಯನ್ನು ಎರಡು ಸಲ ಕೊಡಬೇಕಾಗುವುದಿಲ್ಲ. ಎರಡರ ಲೆಕ್ಕವನ್ನೂ ಬರೆಸಿಕೊಂಡು ಹೋಲಿಸಿ ನೋಡಿರಿ. ಯಾವುದನ್ನೇ ಆರಿಸಿದರೂ ಎಡ ಬಲ ಎರಡು ಕಡೆಗೂ ಒಟ್ಟಿಗೆ ಹಾಕಿಸುವುದು ಲೇಸು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಕಾರಿನ ನಡೆಯು ಸಮವಾಗಿರುವುದಿಲ್ಲ. ಅಂಗಡಿಯಲ್ಲಿ ಪಾಲಿಯುರೆಥೇನ್ ಎಂಬ ಗಡಸು ಪದಾರ್ಥದ ಬುಷ್‌ಗಳೂ ದೊರೆಯುತ್ತವೆ. ಅವು ಸಾಮಾನ್ಯವಾಗಿ ಒಳಕೊಳವೆಯ ಮೇಲೆ ಜಾರಿ ತಿರುಗುವ ಬೇರೆ ಜಾತಿಯವು; ಅವುಗಳೊಡನೆ ಬರುವ ಗ್ರೀಸನ್ನೇ ಸವರಬೇಕು. ಬಾಳಿಕೆ ಹೆಚ್ಚಾದರೂ ರಸ್ತೆಯ ನಡುಕವನ್ನು ಒಡಲಿಗೆ ಹೆಚ್ಚಾಗಿ ದಾಟಿಸುವುದರಿಂದ, ವೃದ್ಧರೂ ಮಕ್ಕಳೂ ಪ್ರಯಾಣ ಮಾಡುವ ಮನೆಯ ಕಾರಿಗೆ ರಬ್ಬರೇ ಹಿತವಾದುದು.

ಇನ್ನು ಕೆಲಸದ ಕ್ರಮ. ಸಮವಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡವಾಗಿ ಮರದ ತುಂಡುಗಳನ್ನು ಕೊಡಬೇಕು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಎತ್ತರವಿದೆಯೆಂಬುದನ್ನು ಈಗಲೇ ಅಳೆದು ಬರೆದುಕೊಳ್ಳಬೇಕು. ಇದರ ಉಪಯೋಗವು ಕೊನೆಯಲ್ಲಿ ತಿಳಿಯುತ್ತದೆ. ಚಕ್ರದ ನಟ್ಟುಗಳನ್ನು ತುಸು ಸಡಿಲಿಸಿ, ಜಾಕಿನಿಂದ ಎತ್ತಿ, ಒಡಲಿನ ಗಟ್ಟಿ ಜಾಗಕ್ಕೆ ಸ್ಟ್ಯಾಂಡು ಕೊಟ್ಟ ಮೇಲೆಯೇ ಕೈಹಾಕತಕ್ಕದ್ದು. ಜಾಕೊಂದನ್ನೇ ನಂಬಿ ಕಾರಿನ ಕೆಳಗೆ ತಲೆಯನ್ನೊಡ್ಡುವುದು ಎಂದಿಗೂ ಕೂಡದು. ಚಕ್ರವನ್ನು ತೆಗೆದು, ಬಾಲ್ ಜಾಯಿಂಟನ್ನು ಬಿಡಿಸಿ, ಸ್ಟೆಬಿಲೈಸರ್ ಸರಳು ತೋಳಿಗೆ ಸೇರಿದ್ದರೆ ಅದನ್ನೂ ಕಳಚಿ, ಒಳತುದಿಯ ಬೋಲ್ಟನ್ನು ಬಿಚ್ಚಿದರೆ ತೋಳು ಕೈಗೆ ಬರುತ್ತದೆ. ಆದರೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಹಳೆಯ ಕಾರುಗಳಲ್ಲಿ ಈ ಕ್ರಮವು ಸಲ್ಲದು. ಅವುಗಳ ತೋಳಿನ ಮೇಲೆಯೇ ತಿರುಚಿದ ಸರಳಿನ ಅಥವಾ ಅದುಮಿದ ಸ್ಪ್ರಿಂಗಿನ ಬಲವು ಕೂತಿರುತ್ತದೆ. ಅದನ್ನು ಬಿಗಿಹಿಡಿಯದೆ ಬೋಲ್ಟು ಬಿಚ್ಚಿದವನು ಕೈಕಾಲು ಕಳೆದುಕೊಳ್ಳಬಹುದು. ಅದು ಅನುಭವಿಯಾದ ಮೇಸ್ತ್ರಿಯ ಕೆಲಸ.

ಹಳೆಯ ಬುಷ್ಷನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕು. ಬೆಂಕಿಯಿಟ್ಟು ಸುಡುವುದರಿಂದ ಹೊಗೆಯು ವಿಷಕರವಾಗುವುದಲ್ಲದೆ, ಲೋಹದ ಹದವೂ ಕೆಡಬಹುದು; ಸುತ್ತಿಗೆಯಿಂದ ಬಡಿದರೆ ತೋಳಿನ ತೂತು ಸೊಟ್ಟಗಾಗುತ್ತದೆ. ತೆಗೆಯುವ ಮೊದಲು ಹಳೆಯದು ಯಾವ ಮುಖವಾಗಿ ಕೂತಿತ್ತೆಂಬುದಕ್ಕೆ ಗುರುತು ಮಾಡಿಕೊಂಡು, ಹೊಸದನ್ನೂ ಹಾಗೆಯೇ ಕೂರಿಸಬೇಕು. ಒತ್ತಡವು ಹೊರಗಿನ ಕೊಳವೆಯ ಮೇಲೆ ಮಾತ್ರ ಬೀಳಬೇಕೇ ಹೊರತು ರಬ್ಬರಿನ ಮೇಲಾಗಲಿ ಒಳಕೊಳವೆಯ ಮೇಲಾಗಲಿ ಬೀಳಕೂಡದು.

ಈಗ ಈ ಲೇಖನದ ಮುಖ್ಯ ಮಾತಿಗೆ ಬಂದೆವು. ತೋಳನ್ನು ಮರಳಿ ಜೋಡಿಸುವಾಗ ಕಾರು ಸ್ಟ್ಯಾಂಡಿನ ಮೇಲಿರುವುದರಿಂದ ತೋಳು ಕೆಳಕ್ಕೆ ಜೋಲುತ್ತಿರುತ್ತದೆ. ಆ ಸ್ಥಿತಿಯಲ್ಲಿಯೇ ಒಳತುದಿಯ ಬೋಲ್ಟನ್ನು ಪೂರ್ತಿ ಬಿಗಿದರೆ, ರಬ್ಬರಿಗೆ ಜೋಲುವಿಕೆಯೇ ವಿಶ್ರಾಂತಿಯ ನಿಲುವಾಗುತ್ತದೆ. ಅನಂತರ ಕಾರನ್ನು ನೆಲಕ್ಕೆ ಇಳಿಸಿದೊಡನೆ ತೋಳು ಮೇಲೆದ್ದು, ರಬ್ಬರು ತಿರುಚಿಕೊಂಡು, ಕಾರು ಸುಮ್ಮನೆ ನಿಂತಿರುವಾಗಲೂ ಹಿಂಡಿದ ಬಟ್ಟೆಯಂತೆಯೇ ಇರಬೇಕಾಗುತ್ತದೆ. ಅದರ ಮೇಲೆ ಪ್ರತಿಯೊಂದು ಗುಂಡಿಯೂ ಇನ್ನಷ್ಟು ತಿರುಚುತ್ತದೆ. ವರ್ಷಾನುಗಟ್ಟಲೆ ಬಾಳಬೇಕಾದ ಬುಷ್ಷು ಅಕಾಲದಲ್ಲಿಯೇ ಹರಿಯುತ್ತದೆ. ಗೃಹಸ್ಥನು ‘ಸಾಮಾನೇ ಕಳಪೆ’ ಎಂದು ಅಂಗಡಿಯವನನ್ನು ದೂರುತ್ತಾನೆ. ದೋಷವು ಸಾಮಾನಿನದಲ್ಲ, ಬಿಗಿದ ಹೊತ್ತಿನದು. ಆದುದರಿಂದ ಮೊದಲು ಬೋಲ್ಟನ್ನು ಕೈಬಿಗಿಯಷ್ಟು ಮಾತ್ರ ಹಾಕಿ, ಕಾರಿನ ಭಾರವನ್ನು ಚಕ್ರಗಳ ಮೇಲೆ ಇಳಿಸಿ, ಒಂದೆರಡು ಸಲ ಮೂತಿಯನ್ನು ಅದುಮಿ ಬಿಟ್ಟು, ಮೊದಲು ಬರೆದುಕೊಂಡ ಎತ್ತರಕ್ಕೆ ಕಾರು ಬಂದುದನ್ನು ನೋಡಿ, ಆ ಬಳಿಕವೇ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯತಕ್ಕದ್ದು. ಗ್ಯಾರೇಜಿನ ಪಿಟ್ಟಿನ ಮೇಲಾದರೆ ಇದು ಕೆಲವೇ ನಿಮಿಷಗಳ ಕೆಲಸ. ಒಮ್ಮೆ ಬಿಚ್ಚಿದ ಸ್ವಯಂಬಿಗಿಯ ನಟ್ಟುಗಳಿಗೆ ಬದಲು ಹೊಸವನ್ನೇ ಹಾಕಬೇಕು. ಎಲ್ಲವೂ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಬಿಡಬಾರದು. ಹೊಸ ಬುಷ್ಷು ಚಕ್ರದ ಸ್ಥಾನವನ್ನು ಕೊಂಚ ಬದಲಿಸಿರುತ್ತದೆ.

ಸ್ವಂತ ಕೈಯಿಂದ ಈ ಕೆಲಸವನ್ನು ಮಾಡುವ ವಾಚಕರು ಕೆಲವರೇ ಇರಬಹುದು. ಉಳಿದವರು ಮೆಕ್ಯಾನಿಕ್ಕನನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ಬುಷ್ಷನ್ನು ಪ್ರೆಸ್ಸಿನಲ್ಲಿ ಕೂರಿಸುವಿರಾ? ಬೋಲ್ಟನ್ನು ಭಾರ ಇಳಿಸಿದ ಮೇಲೆ ಬಿಗಿಯುವಿರಾ? ತೆಗೆದ ಹಳೆಯ ಸಾಮಾನನ್ನು ನನಗೆ ತೋರಿಸುವಿರಾ? ನುರಿತವನು ಈ ಪ್ರಶ್ನೆಗಳಿಂದ ಕೋಪಗೊಳ್ಳುವುದಿಲ್ಲ; ತನ್ನ ಕೆಲಸದ ಮರ್ಮವನ್ನು ಬಲ್ಲವರೊಬ್ಬರು ಬಂದರೆಂದು ಸಂತೋಷಪಡುತ್ತಾನೆ.

ಕರ್ನಾಟಕದಲ್ಲಿ ಮನೆಯ ಕಾರಿನ ನೋಂದಣಿಯು ೧೫ ವರ್ಷಗಳಾದ ಬಳಿಕ ಪರೀಕ್ಷೆಗೊಳಪಟ್ಟು ಐದೈದು ವರ್ಷಕ್ಕೆ ನವೀಕರಣವಾಗಬೇಕು. ಆ ಪರೀಕ್ಷೆಯ ದಿನಕ್ಕಾಗಿ ಕಾಯದೆ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಈ ಚಿಕ್ಕ ರಬ್ಬರುಗಳನ್ನು ನೋಡಿಸುವ ಪದ್ಧತಿಯನ್ನು ಇಟ್ಟುಕೊಂಡವರ ಕಾರು ಅನೇಕ ವರ್ಷ ನಂಬಿಕೆಯಿಂದ ಸೇವೆಮಾಡಬಲ್ಲುದು. ಬ್ರೇಕಿನಲ್ಲಿ ತುಂಬುವ ದ್ರವವು ಗಾಳಿಯ ತೇವವನ್ನು ಹೀರಿ ಹೇಗೆ ಕೆಡುತ್ತದೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.