ಪ್ರವಾಸದ ಪುಟ: ಗಾಲ್ಫ್ ಕೋಲಿನೊಡನೆ ನಾಟಾಲಿಗೆ

ಬೆಂಗಳೂರಿನ ಸೋದರಿಯೊಬ್ಬರು ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಯಜಮಾನರಿಗೆ ಗಾಲ್ಫ್ ಆಟದ ಹುಚ್ಚು. ಈ ಸಲದ ರಜೆಯಲ್ಲಿ ವಿದೇಶಕ್ಕೆ ಹೋಗಿ ಆಡಬೇಕೆಂದು ಹಟ. ಮಕ್ಕಳಿಗೋ ಸಿಂಹವನ್ನೂ ಜಿರಾಫೆಯನ್ನೂ ಕಾಡಿನಲ್ಲಿಯೇ ಕಾಣಬೇಕೆಂಬ ಆಸೆ. “ಇವೆರಡರ ನಡುವೆ ನನ್ನ ಪಾಲಿಗೆ ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸವೊಂದೇ ಉಳಿಯುವುದಲ್ಲವೆ?” ಎಂದು ಆಕೆ ಕೇಳಿರುವರು. ಈ ಮಾತಿನಲ್ಲಿ ವಿನೋದವೂ ಉಂಟು, ನೋವೂ ಉಂಟು. ಆದಕಾರಣ ಉತ್ತರವನ್ನು ಕೊಂಚ ವಿಸ್ತಾರವಾಗಿಯೇ ಹೇಳುವೆವು.

ಮೂವರ ಇಷ್ಟವೂ ಒಂದೇ ಕಥೆಯಾಗಿ ಕೂಡಿಬರುವ ಸ್ಥಳವೊಂದುಂಟು. ಅದು ದಕ್ಷಿಣ ಆಫ್ರಿಕದ ಪೂರ್ವ ತೀರದ ನಾಟಾಲ್. ಈಗ ಅದಕ್ಕೆ ಕ್ವಾಜುಲು-ನಾಟಾಲ್ ಎಂದು ಹೆಸರು. ನಮ್ಮಲ್ಲಿ ಮಳೆ ಸುರಿಯುವ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಒಣ ಚಳಿಗಾಲ. ಆಡುವವರಿಗೆ ಬೆವರು ಹರಿಯದು. ಕಾಡಿನಲ್ಲಿ ಹುಲ್ಲು ಒಣಗಿ ಪ್ರಾಣಿಗಳು ನೀರಿನ ಬಳಿ ಸೇರುವುದರಿಂದ ಕಣ್ಣಿಗೆ ಬೀಳುವುದೂ ಸುಲಭ. ಒಂಬತ್ತು-ಹತ್ತು ದಿನಗಳಿದ್ದರೆ ಸಾಕು.

ಮೊದಲು ಡರ್ಬನ್ ನಗರ. ಹಿಂದೂ ಮಹಾಸಾಗರದ ದಂಡೆಯ ಮರಳುದಿಬ್ಬಗಳ ಮೇಲೆ ಹಬ್ಬಿರುವ ಡರ್ಬನ್ ಕಂಟ್ರಿ ಕ್ಲಬ್ಬಿನ ಗಾಲ್ಫ್ ಮೈದಾನವು ಆ ದೇಶದಲ್ಲಿಯೇ ಹೆಸರಾದುದು. ಅತಿಥಿಗಳು ಮುಂಚಿತವಾಗಿಯೇ ಬರೆದು ಆಟದ ವೇಳೆಯನ್ನು ಗೊತ್ತುಮಾಡಿಕೊಳ್ಳತಕ್ಕುದು. ಯಜಮಾನರು ಬೆಳಗ್ಗೆ ಬೇಗನೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಮಂದಿಯನ್ನು ಕೂಡಿಕೊಳ್ಳಬಹುದು. ಆದರೆ ಒಟ್ಟು ಪ್ರವಾಸದಲ್ಲಿ ಎರಡೇ ಆಟ, ಹೆಚ್ಚಿಲ್ಲ; ಈ ಕರಾರನ್ನು ವಿಮಾನ ಹತ್ತುವ ಮೊದಲೇ ಮಾಡಿಸಿಕೊಳ್ಳುವುದು ಲೇಸು.

ಆ ಮೈದಾನಕ್ಕೆ ಆಕೆಯೂ ಮಕ್ಕಳೂ ಒಮ್ಮೆ ಹೋಗಿಬರಬೇಕೆಂದು ನಮ್ಮ ಆಗ್ರಹ. ಕಾರಣವುಂಟು. 1860ನೆಯ ನವೆಂಬರ್ 16ರಂದು ಟ್ರೂರೋ ಎಂಬ ಹಡಗು ಮದರಾಸಿನಿಂದ ಕರಾರಿನ ಕೂಲಿಗಳನ್ನು ಹೊತ್ತು ಡರ್ಬನ್ ಸೇರಿತು; ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಹೀಗೆ ಬಂದು ನೆಲೆನಿಂತ ಭಾರತೀಯ ಸಮಾಜದಲ್ಲಿ ಹುಟ್ಟಿದವರು ಪಾಪ್ವಾ ಸೇವ್‌ಗೋಲಮ್. ಬಿಳಿಯರ ಗಾಲ್ಫ್ ಚೀಲಗಳನ್ನು ಹೊರುತ್ತ ಹೊರುತ್ತಲೇ ಆಟ ಕಲಿತರು. ಹೇಳಿಕೊಡುವ ಗುರುವಿರಲಿಲ್ಲವಾಗಿ ಕೋಲನ್ನು ಹಿಡಿದುದೂ ತಲೆಕೆಳಗು: ಎಲ್ಲರ ಬಲಗೈ ಇರುವಲ್ಲಿ ಇವರ ಎಡಗೈ. ಆ ಹಿಡಿತದಿಂದಲೇ 1959ರಲ್ಲಿಯೂ 1960ರಲ್ಲಿಯೂ ಹಾಲೆಂಡಿಗೆ ಹೋಗಿ ಡಚ್ ಓಪನ್ ಪಂದ್ಯವನ್ನು ಗೆದ್ದರು.

1963ರಲ್ಲಿ ಇದೇ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಾಟಾಲ್ ಓಪನ್ ನಡೆಯಿತು, ಗೆದ್ದವರು ಪಾಪ್ವಾ. ಬಹುಮಾನ ಕೊಡುವ ವೇಳೆಗೆ ಮಳೆ. ಬಿಳಿಯರು ಕಟ್ಟಡದ ಒಳಗಿದ್ದರು. ವರ್ಣಭೇದದ ಕಟ್ಟಳೆಯಂತೆ ಭಾರತೀಯನಿಗೆ ಒಳಗೆ ಪ್ರವೇಶವಿರಲಿಲ್ಲ. ಗೆದ್ದಾತನು ಹೊರಗೆ ಮಳೆಯಲ್ಲಿ ನಿಂತು ತನ್ನ ಬಹುಮಾನವನ್ನು ಸ್ವೀಕರಿಸಿದನು! ಆ ಛಾಯಾಚಿತ್ರವು ದೇಶದೇಶಗಳಲ್ಲಿ ಪ್ರಕಟವಾಯಿತು. 1965ರಲ್ಲಿ ಅವರು ಅದೇ ಪಂದ್ಯದಲ್ಲಿ ಜಗತ್ಪ್ರಸಿದ್ಧ ಗ್ಯಾರಿ ಪ್ಲೇಯರನನ್ನೂ ಸೋಲಿಸಿದರು. ಅನಂತರ ಸರಕಾರವು ಬಿಳಿಯರ ಪಂದ್ಯಗಳ ಬಾಗಿಲನ್ನೇ ಅವರಿಗೆ ಮುಚ್ಚಿಬಿಟ್ಟಿತು. 1978ರಲ್ಲಿ ತೀರಿಕೊಂಡರು. ಇಂದು ಆ ಕಟ್ಟಡದ ಒಳಹೋಗಲು ಯಾರಿಗೂ ಮೈಬಣ್ಣದ ತಡೆಯಿಲ್ಲ. ನಮ್ಮ ಸೋದರಿಯು ಒಳಗೆ ಕುಳಿತು ಒಂದು ಬಟ್ಟಲು ಚಹ ಕುಡಿದು ಬರಲಿ.

ಊಟದ ಚಿಂತೆ ಬೇಡ. ಡರ್ಬನ್ನಿನ ಭಾರತೀಯರು ‘ಬನ್ನಿ ಚೌ’ ಎಂಬ ತಿನಿಸನ್ನು ಕಂಡುಹಿಡಿದಿರುವರು: ರೊಟ್ಟಿಯ ತಿರುಳನ್ನು ತೋಡಿ, ಆ ಗುಳಿಯಲ್ಲಿ ಸಾರುಪಲ್ಯವನ್ನು ತುಂಬುವುದು. ಶಾಕಾಹಾರಿಗಳು ಬೀನ್ಸ್ ಕಾಳಿನದನ್ನು ಕೇಳತಕ್ಕುದು. ಖಾರ ನಮ್ಮವರಿಗೂ ತಕ್ಕಷ್ಟಿರುವುದು.

ಮತ್ತೊಂದು ದಿನ ಸುಮಾರು 80 ಕಿಲೋಮೀಟರು ದೂರದ ಪೀಟರ್‌ಮಾರಿಟ್ಸ್‌ಬರ್ಗಿಗೆ. 1893ನೆಯ ಜೂನ್ 7ರ ರಾತ್ರಿ ಗಾಂಧೀಜಿಯವರನ್ನು ಮೊದಲನೆಯ ತರಗತಿಯ ಡಬ್ಬಿಯಿಂದ ಹೊರದೂಡಿದ ರೈಲು ನಿಲ್ದಾಣವಿದು. ಆ ಊರಿನ ಜೂನ್ ತಿಂಗಳ ಚಳಿ ಎಂತಹುದೆಂಬುದು ಅದೇ ತಿಂಗಳಲ್ಲಿ ಹೋದವರಿಗೆ ಚೆನ್ನಾಗಿ ತಿಳಿಯುವುದು. ಮಕ್ಕಳಿಗೆ ಉಣ್ಣೆಯ ಅಂಗಿಗಳಿರಲಿ.

ಇನ್ನು ಕಾಡು. ಡರ್ಬನ್ನಿನಿಂದ ಉತ್ತರಕ್ಕೆ ಮೂರು-ಮೂರೂವರೆ ಗಂಟೆಯ ಮೋಟಾರು ಪ್ರಯಾಣ ಮಾಡಿದರೆ ಹ್ಲುಹ್ಲುವೆ-ಇಂಫೊಲೋಜಿ ಅಭಯಾರಣ್ಯ. 1895ರಲ್ಲಿಯೇ ರಕ್ಷಿತವಾದ ಇದರ ವಿಸ್ತಾರ ಸುಮಾರು 960 ಚದರ ಕಿಲೋಮೀಟರು. ನಾಗರಹೊಳೆಯಲ್ಲಿ ಸಫಾರಿಗೆ ಅರಣ್ಯ ಇಲಾಖೆಯ ವಾಹನದಲ್ಲಿ ಹೋಗುವೆವಷ್ಟೆ. ಇಲ್ಲಿ ಸ್ವಂತ ಮೋಟಾರಿನಲ್ಲಿಯೇ ತಿರುಗಾಡಬಹುದು, ರಸ್ತೆಯೂ ನಮ್ಮಂತೆ ಎಡಬದಿಯದೇ. ಆದರೆ ವಾಹನದಿಂದ ಕೆಳಗಿಳಿಯಲಾಗದು. ಸಿಂಹ, ಆನೆ, ಜಿರಾಫೆ, ಕಾಡೆಮ್ಮೆ, ಚಿರತೆ ಎಲ್ಲವೂ ಉಂಟು. ಕಾಣುವುದೂ ಕಾಣದಿರುವುದೂ ಅವುಗಳ ಚಿತ್ತ.

ಇಲ್ಲಿನ ನಿಜವಾದ ಯಜಮಾನನು ಬಿಳಿ ಖಡ್ಗಮೃಗ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದಕ್ಷಿಣದ ಈ ತಳಿಯಲ್ಲಿ ನೂರಕ್ಕೂ ಕಡಮೆ ಪ್ರಾಣಿಗಳು ಉಳಿದಿದ್ದವು, ಅವೂ ಈ ಪ್ರದೇಶದಲ್ಲಿಯೇ. 1960ರ ದಶಕದಲ್ಲಿ ಅವನ್ನು ಮದ್ದಿನ ಸೂಜಿಯಿಂದ ಮಂಕುಗೊಳಿಸಿ, ಪೆಟ್ಟಿಗೆಗಳಲ್ಲಿ ಬೇರೆಬೇರೆ ಕಾಡುಗಳಿಗೆ ಸಾಗಿಸಿ, ಸಂತತಿಯನ್ನು ಉಳಿಸಿದ ಸಾಹಸದ ಮುಂದಾಳು ಇಯನ್ ಪ್ಲೇಯರ್. ಈತನು ಬೇರೆ ಯಾರೂ ಅಲ್ಲ. ಪಾಪ್ವಾರವರಿಗೆ ಸೋತ ಗ್ಯಾರಿ ಪ್ಲೇಯರನ ಅಣ್ಣ! ತಮ್ಮನದು ಹುಲ್ಲುಹಾಸು, ಅಣ್ಣನದು ಮುಳ್ಳುಕಾಡು. ಗಾಲ್ಫ್ ಪ್ರಿಯರಾದ ಯಜಮಾನರು ಈ ಸಂಬಂಧವನ್ನು ಮಕ್ಕಳಿಗೆ ತಾವೇ ಹೇಳಲಿ. ಕಾಡಿನಲ್ಲಿ ಅವರಿಗೂ ಒಂದು ಉದ್ಯೋಗವಾಯಿತು.

ಒಂದು ಸಂಗತಿಗೆ ಮಕ್ಕಳನ್ನು ಮೊದಲೇ ಸಿದ್ಧಪಡಿಸಿರಬೇಕು. 2023ರಲ್ಲಿ ಕಳ್ಳಬೇಟೆಗಾರರು ದಕ್ಷಿಣ ಆಫ್ರಿಕದಲ್ಲಿ 499 ಖಡ್ಗಮೃಗಗಳನ್ನು ಕೊಂದರು. ಅರ್ಧಕ್ಕಿಂತ ಹೆಚ್ಚು ಈ ಪ್ರಾಂತದಲ್ಲಿಯೇ. ಕೊಲ್ಲುವುದು ಕೊಂಬಿಗಾಗಿ. ಆದುದರಿಂದ 2024ರಲ್ಲಿ ಈ ಅರಣ್ಯದ ಅಧಿಕಾರಿಗಳೇ ಪ್ರಾಣಿಗಳನ್ನು ಮಂಕುಗೊಳಿಸಿ ಕೊಂಬನ್ನು ಕೊಯ್ಯಲು ತೊಡಗಿದರು. ನಮ್ಮ ಉಗುರಿನಂತೆ ಅದಕ್ಕೆ ನೋವಿಲ್ಲ, ಮತ್ತೆ ಬೆಳೆಯುವುದು. ಆದರೂ ಚಿತ್ರಪುಸ್ತಕದ ಪ್ರಾಣಿಯನ್ನು ನಿರೀಕ್ಷಿಸಿ ಹೋದ ಮಗು, ಮೊಂಡುಮೂತಿಯ ಪ್ರಾಣಿಯನ್ನು ಕಂಡು “ಇದರ ಕೊಂಬೆಲ್ಲಿ, ಅಮ್ಮಾ?” ಎಂದು ಕೇಳದೆ ಇರದು. ಉತ್ತರವನ್ನು ನಮ್ಮ ಸೋದರಿಯು ಈಗಲೇ ಯೋಚಿಸಿಟ್ಟುಕೊಳ್ಳಲಿ.

ಪೆಟ್ಟಿಗೆಯ ಮಾತು ಉಳಿಯಿತು. ಗಾಲ್ಫ್ ಕೋಲುಗಳನ್ನು ಕಾಡಿಗೆ ಹೊರಬೇಕಾಗಿಲ್ಲ; ಹಿಂದಿರುಗುವವರೆಗೆ ಡರ್ಬನ್ನಿನ ಹೋಟೆಲಿನಲ್ಲಿಯೇ ಇರಿಸಿಕೊಳ್ಳುವರೇ ಎಂದು ಮೊದಲೇ ಕೇಳಿರಿ. ಮಲೇರಿಯದ ವಿಷಯವಾಗಿ ವೈದ್ಯರನ್ನು ವಿಚಾರಿಸಿಕೊಳ್ಳುವುದು. ಅರಣ್ಯದ ದ್ವಾರಗಳು ಕತ್ತಲಾಗುವ ವೇಳೆಗೆ ಮುಚ್ಚುವುವು. ಆದುದರಿಂದ ಡರ್ಬನ್ನಿನಿಂದ ಹೊರಡುವ ದಿನ ಬೆಳಗ್ಗೆ ಆಟವನ್ನು ಇಟ್ಟುಕೊಳ್ಳಬಾರದು.