ಎರಡು ನದಿಗಳ ನಡುವಣ ದಿಣ್ಣೆ

ಪ್ರವಾಸಕ್ಕೆ ನಮ್ಮಲ್ಲಿ ಒಂದು ಸಿದ್ಧವಾದ ಪಟ್ಟಿ ಉಂಟು. ಜೋಗ, ಹಂಪೆ, ಬೇಲೂರು, ಮೈಸೂರು. ಕೈ ಸ್ವಲ್ಪ ಸಡಿಲವಿದ್ದವರಿಗೆ ಊಟಿ. ಇನ್ನೂ ಸಡಿಲವಿದ್ದವರಿಗೆ ಕಡಲಾಚೆಯ ಥಾಯ್ಲೆಂಡಿನ ಮರಳದಂಡೆ. ಬೀದರ ಜಿಲ್ಲೆಯ ಮುಡಬಿಯ ಹೆಸರು ಈ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಾರದು. ಅದು ಬಸವಕಲ್ಯಾಣ ತಾಲೂಕಿನ ಒಂದು ಹೋಬಳಿಯ ಊರು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಈ ಸೀಮೆಯನ್ನು ಹಾಯ್ದು ಹುಮನಾಬಾದಿನ ಮೂಲಕ ಮುಂದೆ ಸಾಗುತ್ತದೆ. ಬಸ್ಸಿನಲ್ಲಿ ಕುಳಿತವರು ಹುಮನಾಬಾದಿನಲ್ಲಿ ಚಹ ಕುಡಿದು, ಕಿಟಕಿಯಾಚೆಯ ಬಯಲನ್ನು ಒಮ್ಮೆ ನೋಡಿ, ‘ಇಲ್ಲೇನಿದೆ ಮಹಾ?’ ಎಂದು ಕಣ್ಣು ಮುಚ್ಚುತ್ತಾರೆ. ಈ ವಾರದ ಬರಹ ಅವರ ಪ್ರಶ್ನೆಗೆ ಮೀಸಲು.

ಇಲ್ಲಿ ಮೊದಲು ನೋಡಬೇಕಾದದ್ದು ನೆಲವನ್ನು. ಮುಲ್ಲಾಮಾರಿ ಹೊಳೆ ಬಸವಕಲ್ಯಾಣ ತಾಲೂಕಿನಲ್ಲಿ ಹುಟ್ಟಿ ದಕ್ಷಿಣ-ಪೂರ್ವಕ್ಕೆ ಹರಿದು, ಕಾಗಿಣೆಯನ್ನು ಕೂಡಿ, ಭೀಮೆಯ ಮೂಲಕ ಕೃಷ್ಣೆಗೆ ಸೇರುತ್ತದೆ. ಹುಮನಾಬಾದಿನ ಕಡೆಯ ಕಾರಂಜಾ ನದಿಯಾದರೋ ಮಾಂಜ್ರಾ ನದಿಯನ್ನು ಕೂಡಿ ಗೋದಾವರಿಯ ಪಾಲಾಗುತ್ತದೆ. ಹೀಗೆ ಈ ಸೀಮೆಯ ದಿಣ್ಣೆ ಎರಡು ಮಹಾನದಿಗಳ ನಡುವಣ ಗೋಡೆಯಾಗಿದೆ. ಆಷಾಢದ ಒಂದೇ ಮೋಡ ಸುರಿಸಿದ ಎರಡು ಹನಿಗಳು ಇಲ್ಲಿ ಬೇರೆಬೇರೆ ದಾರಿ ಹಿಡಿದು, ನೂರಾರು ಹರದಾರಿ ಅಲೆದು, ಕೊನೆಗೆ ಬಂಗಾಳದ ಕೊಲ್ಲಿಯಲ್ಲಿ ಮತ್ತೆ ಸಂಧಿಸುತ್ತವೆ. ಕಣ್ಣಿಗೆ ಹೊಡೆಯುವಂತೆ ಎದ್ದುನಿಂತ ಶಿಖರವೊಂದೂ ಇಲ್ಲದ ಈ ಬಯಲಿನ ಗೌರವ ಸಾಮಾನ್ಯವಾದುದಲ್ಲ.

ಈ ನೆಲಕ್ಕೆ ಎರಡು ಬಣ್ಣ. ಕೆಳಗೆ ಕರಿಯ ಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿದ್ದು ಅದು. ತೊಗರಿ ಜೋಳಗಳನ್ನು ಬೆಳೆಯುವ ಎರೆಯ ಮಣ್ಣು ಆ ಕಲ್ಲಿನ ಸಂತಾನ. ಎತ್ತರದ ಮಡ್ಡಿಗಳ ಮೇಲೆ ಕೆಂಪು ಟೊಪ್ಪಿಗೆಯಂತೆ ಕುಳಿತಿರುವುದು ಜಂಬಿಟ್ಟಿಗೆ ಕಲ್ಲು. ಮಳೆಬಿಸಿಲುಗಳು ಯುಗಯುಗಾಂತರ ಕೆಲಸಮಾಡಿ ಕರಿಯ ಕಲ್ಲನ್ನೇ ಹೀಗೆ ಕೆಂಪಾಗಿಸಿವೆ. ನೆಲದೊಳಗಿರುವಾಗ ಕೊಡಲಿಗೆ ಒಗ್ಗುವಷ್ಟು ಮೃದು. ಹೊರಗೆ ತೆಗೆದು ಗಾಳಿಗೊಡ್ಡಿದರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲಕ್ಕೆ ಇಟ್ಟಿಗೆಯೆಂದೇ ಅರ್ಥ. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಅಡಗಿದೆಯಲ್ಲವೆ? ಥಾಯ್ಲೆಂಡಿನ ನೆರೆಯ ಕಾಂಬೋಡಿಯದಲ್ಲಿ ಅಂಗ್ಕೋರದ ಶಿಲ್ಪಿಗಳು ತಮ್ಮ ದೇವಾಲಯಗಳ ತಳಪಾಯಕ್ಕೆ ಆರಿಸಿಕೊಂಡದ್ದೂ ಈ ಜಾತಿಯ ಕಲ್ಲನ್ನೇ.

ಈ ಕೆಂಪುಕಲ್ಲಿನ ಮೈಯೆಲ್ಲ ರಂಧ್ರ. ಮಳೆಯ ನೀರನ್ನು ಅದು ಅರಿವೆಯಂತೆ ಹೀರಿಕೊಳ್ಳುತ್ತದೆ. ತಳದ ಜೇಡಿಗೂ ಕರಿಗಲ್ಲಿಗೂ ಮುಟ್ಟಿದಾಗ ಆ ನೀರು ಮುಂದೆ ಇಳಿಯಲಾರದೆ, ಮಡ್ಡಿಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರಿನ ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಗವಿಯೊಳಗಿನ ದೇವರನ್ನು ಕಾಣುವುದು ಈ ಗುಣದ ಫಲ. ಪರ್ಷಿಯಾ ದೇಶದ ವಿದ್ಯೆಯನ್ನು ತಂದು, ಬಹಮನಿ ಅರಸರ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ನೆಲದಡಿ ಕೊರೆದ ಕರೇಜ್ ಕಾಲುವೆಯೂ ಇದೇ ಗುಣವನ್ನು ನಂಬಿದ್ದು. ಬರದ ಜಿಲ್ಲೆಯೆಂದು ನಾವು ಮರುಗುವ ನಾಡು ತನ್ನ ನೀರನ್ನು ಕಲ್ಲಿನೊಳಗೆ ಬಚ್ಚಿಟ್ಟುಕೊಂಡಿದೆ.

ನೀರಿದ್ದಲ್ಲಿ ದೇವರು, ದೇವರಿದ್ದಲ್ಲಿ ಶಿಲ್ಪ. ಹುಮನಾಬಾದಿನಿಂದ ಹೆಚ್ಚು ದೂರವಿಲ್ಲದ ಜಲಸಂಗ್ವಿಯ ಹೆಸರಿನಲ್ಲೇ ನೀರಿದೆ. ಕಲ್ಯಾಣದಿಂದ ೧೦೭೬ರಿಂದ ೧೧೨೬ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದ ಗುಡಿ ಅಲ್ಲಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದವಳಲ್ಲ, ಕುಣಿಯುವವಳೂ ಅಲ್ಲ. ಮೈಯನ್ನು ತುಸುವೇ ಬಾಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಆಕೆ ಬರೆದ ಸಂಸ್ಕೃತ ಪದ್ಯ ವಿಕ್ರಮಾದಿತ್ಯನ ಪ್ರಶಂಸೆ. ಅರಸನು ಹೋದನು, ಅರಮನೆ ಹೋಯಿತು; ಬರೆಯುವ ಹೆಣ್ಣು ಬರೆಯುತ್ತಲೇ ಇದ್ದಾಳೆ. ದೂರದ ಅಂಗ್ಕೋರ್ ವಾಟ್ ಎದ್ದುನಿಂತದ್ದು ೧೨ನೆಯ ಶತಮಾನದ ಮೊದಲ ಅರ್ಧದಲ್ಲಿ, ಹೆಚ್ಚುಕಡಿಮೆ ಇದೇ ಕಾಲಕ್ಕೆ. ಅದನ್ನು ನೋಡಲು ಲೋಕವೇ ನೆರೆಯುತ್ತದೆ. ಜಲಸಂಗ್ವಿಯ ಲೇಖಕಿಯ ಮುಂದೆ ದಿನವಿಡೀ ನಿಂತರೂ ನಿಮ್ಮನ್ನು ತಳ್ಳುವವರಿಲ್ಲ. ಬಸವಕಲ್ಯಾಣದ ಹತ್ತಿರದ ನಾರಾಯಣಪುರದ ಶಿವಾಲಯವೂ ಅದೇ ಶಿಲ್ಪಕುಲದ್ದು.

ನಿಸರ್ಗಪ್ರಿಯರಿಗೆ ಇನ್ನೂ ಉಂಟು. ಚುಳಕಿನಾಲೆಯ ಜಲಾಶಯ. ಬಸವಕಲ್ಯಾಣದ ತ್ರಿಪುರಾಂತ ಕೆರೆ. ಹುಮನಾಬಾದಿನ ಪಕ್ಕದಲ್ಲಿ ವಿರಜಾ, ಗುರುಗಂಗಾ ಎಂಬ ಎರಡು ಹಳ್ಳಗಳ ಸಂಗಮದ ಮಾಣಿಕನಗರ. ಹಿಂದೂ ಮುಸಲ್ಮಾನರೆನ್ನದೆ ಎಲ್ಲರನ್ನೂ ಹತ್ತಿರ ಕರೆದ ಮಾಣಿಕಪ್ರಭುಗಳು (೧೮೧೭–೧೮೬೫) ನೆಲೆನಿಂತ ಜಾಗ ಅದು. ಪೂರ್ವ-ದಕ್ಷಿಣಕ್ಕೆ ಹೋದರೆ ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡು, ಅದರ ನಡುವೆ ಚಂದ್ರಂಪಳ್ಳಿಯ ಜಲಾಶಯ. ಕಾರ್ತಿಕ ಮಾರ್ಗಶಿರಗಳಲ್ಲಿ ಬಂದರೆ ಬಿಳಿಜೋಳದ ಹಸುರು. ಶಿವರಾತ್ರಿಯ ಹೊತ್ತಿಗೆ ಬಂದರೆ ಎಲೆಯುದುರಿದ ಮಡ್ಡಿಯ ಮೇಲೆ ಮುತ್ತುಗದ ಕೆಂಡ. ಅದೃಷ್ಟವಿದ್ದವರಿಗೆ ಹೊಲದ ಬದುವಿನಲ್ಲಿ ಕೃಷ್ಣಮೃಗದ ದರ್ಶನವೂ ಆದೀತು. ೨೦೧೭ರಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ಪೂರ್ತಿಯಾದ ಬಳಿಕ ಹುಮನಾಬಾದು ತಲುಪುವುದು ಕಷ್ಟವೂ ಅಲ್ಲ.

ಇಷ್ಟನ್ನು ಹೇಳಿದ್ದು ಹೊರಗಿನ ಪ್ರವಾಸಿಗರನ್ನು ಕರೆಯುವುದಕ್ಕೆ ಮಾತ್ರವಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಸ್ಸು ಹಿಡಿದು ಮೈಸೂರಿನ ದೀಪಾಲಂಕಾರ ನೋಡಿ ಬರುತ್ತಾರೆ, ಬರಲಿ, ಸಂತೋಷ. ಆದರೆ ಜಲಸಂಗ್ವಿಯನ್ನು ಕಂಡವರು ಕೈಯೆತ್ತಿರೆಂದರೆ ತರಗತಿಯಲ್ಲಿ ಎರಡೋ ಮೂರೋ ಕೈ ಏಳುತ್ತವೆ. ನೋಡದಿದ್ದುದರ ಬೆಲೆ ತಿಳಿಯದು. ಬೆಲೆ ತಿಳಿಯದುದನ್ನು ಕಾಯುವವರಿಲ್ಲ. ಕೆಂಪು ಮಡ್ಡಿಯನ್ನು ಬರಿಯ ಮುರುಮಿನ ಗುಡ್ಡೆಯೆಂದು ತಿಳಿದವನು ಅದನ್ನು ಅಗೆದು ರಸ್ತೆಗೆ ಹಾಕುತ್ತಾನೆ. ಅದು ನೀರಿನ ಕಣಜವೆಂದು ತಿಳಿದವನು ಗುದ್ದಲಿ ಎತ್ತುವ ಮುನ್ನ ಕೆಳಗಿನ ಬಾವಿಯನ್ನು ನೆನೆಯುತ್ತಾನೆ. ದಿಣ್ಣೆ ಕರಗಿದರೆ ಮಳೆ ಬಂದ ದಿನವೇ ಹರಿದುಹೋಗುತ್ತದೆ. ಮಾಘದ ವೇಳೆಗೆ ಒರತೆ ಬತ್ತುತ್ತದೆ. ಕಲ್ಲಿನ ಆ ಟೊಪ್ಪಿಗೆಯನ್ನು ಮತ್ತೆ ಹೊಲಿದು ತೊಡಿಸುವ ದರ್ಜಿ ಯಾವ ಸರಕಾರದಲ್ಲಿಯೂ ಇಲ್ಲ.

ಆದಕಾರಣ ಈ ಸಲದ ರಜೆಯಲ್ಲಿ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಮುಡಬಿಯ ಕಡೆಗೊಮ್ಮೆ ಹೊರಡಿರಿ. ದಿಣ್ಣೆಯ ಮೇಲೆ ನಿಂತಾಗ ಕೃಷ್ಣೆಯ ನೀರು ಯಾವ ಕಡೆಗೆ, ಗೋದಾವರಿಯ ನೀರು ಯಾವ ಕಡೆಗೆ ಎಂದು ಅವರನ್ನೇ ಕೇಳಿರಿ. ಉತ್ತರ ಹುಡುಕುವ ನೆಪದಲ್ಲಿಯಾದರೂ ಅವರು ಒಂದಿಷ್ಟು ಹೊತ್ತು ತಮ್ಮ ನೆಲವನ್ನು ನೋಡಿಯಾರು.