ಮೀನಿನ ಲೆಕ್ಕ ದೋಣಿಯಿಂದಲೇ ಶುರುವಾಗಲಿ

ನೀವು ದಿನವೂ ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುವವರಾಗಿದ್ದರೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ನಿಮಗೊಂದು ಸದಸ್ಯ ಸಂಖ್ಯೆ ಇದೆ. ಹಾಕಿದ ಹಾಲು ಎಷ್ಟು ಲೀಟರು, ಅದರಲ್ಲಿ ಜಿಡ್ಡು ಎಷ್ಟು ಎಂಬುದು ಅಲ್ಲಿಯೇ ದಾಖಲಾಗುತ್ತದೆ. ನಾಳೆ ಹಾಲಿನಲ್ಲಿ ದೋಷ ಕಂಡುಬಂದರೆ ಅದು ಯಾವ ಸಂಘದಿಂದ ಬಂತೆಂದು ಹಿಂದಕ್ಕೆ ಹುಡುಕುತ್ತಾ ಹೋಗಬಹುದು. ಇದನ್ನು ಯಾವ ರೈತನೂ ತನ್ನ ಮೇಲಿನ ಗುಮಾನಿ ಎಂದು ತಿಳಿಯುವುದಿಲ್ಲ. ಬಟವಾಡೆಯ ದಿನ ಸರಿಯಾದ ಹಣ ಕೈಸೇರುವುದು ಆ ದಾಖಲೆಯಿಂದಲೇ ಎಂಬುದು ಅವನಿಗೆ ಗೊತ್ತು.

ಈಗ ಬೆಳಗಿನ ಜಾವ ಮಂಗಳೂರಿನ ದಕ್ಕೆಗೋ ಮಲ್ಪೆಯ ಬಂದರಿಗೋ ಹೋಗಿ ನೋಡಿ. ಎಂಟು ಹತ್ತು ದಿನ ಕಡಲಲ್ಲಿದ್ದು ಬಂದ ಟ್ರಾಲ್ ಬೋಟಿನಿಂದ ಮೀನು ಇಳಿಯುತ್ತದೆ. ಬಂಗುಡೆ, ಬೊಂಡಾಸ, ಸಿಗಡಿ ಎಂದು ಬೇರ್ಪಡಿಸಿ ಏಲಂ ಕೂಗುತ್ತಾರೆ. ಗಂಟೆ ಎರಡು ಗಂಟೆಯೊಳಗೆ ಹತ್ತು ಬೋಟಿನ ಮೀನು ಒಂದೇ ಲಾರಿಗೆ ಸೇರಿ, ಮಂಜುಗಡ್ಡೆ ಹೊದ್ದು ಹೊರಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಮೀನನ್ನು ಕೈಯಲ್ಲಿ ಹಿಡಿದು, ಇದನ್ನು ಹಿಡಿದ ದೋಣಿ ಯಾವುದು, ಎಲ್ಲಿ ಹಿಡಿದರು, ಯಾವ ಬಲೆಯಲ್ಲಿ ಎಂದು ಕೇಳಿದರೆ ಖಚಿತವಾಗಿ ಹೇಳಬಲ್ಲವರು ಸಿಗುವುದು ಕಷ್ಟ.

ಮೀನಿನ ಈ ಜಾಡನ್ನು ದೋಣಿಯಿಂದ ಊಟದ ತಟ್ಟೆಯವರೆಗೂ ಕಂಪ್ಯೂಟರಿನಲ್ಲಿ ಉಳಿಸಿಡುವ ವ್ಯವಸ್ಥೆ ನಮ್ಮ ಕರಾವಳಿಗೆ ಬರಬೇಕು, ಅದು ಮೊದಲಿಗೆ ಮೀನುಗಾರನ ಹಿತಕ್ಕಾಗಿಯೇ ಬರಬೇಕು ಎಂಬುದು ಈ ಲೇಖನದ ವಾದ. ಅದನ್ನು ತಪ್ಪು ರೀತಿಯಲ್ಲಿ ತಂದರೆ ಮೀನುಗಾರನ ತಲೆಯ ಮೇಲೆ ಇನ್ನೊಂದು ಹೊರೆಯಾದೀತು ಎಂಬುದನ್ನೂ ಹೇಳದೆ ವಿಧಿಯಿಲ್ಲ.

ಬಿತ್ತನೆ ಬೀಜ ಕುಟ್ಟಿ ತಿಂದಂತೆ

ಬೂತಾಯಿ ಮೀನಿನ ಕಥೆಯನ್ನೇ ನೋಡಿ. ನೆರೆಯ ಕೇರಳದಲ್ಲಿ 2012ರಲ್ಲಿ ದಡಕ್ಕೆ ಬಂದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬಂದದ್ದು ಕೇವಲ 3,297 ಟನ್. ಇದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರ ಲೆಕ್ಕ. ಇದಕ್ಕೆ ಮೀನುಗಾರನೊಬ್ಬನೇ ಕಾರಣನಲ್ಲ. ಕಡಲಿನ ಉಷ್ಣತೆ ಮತ್ತು ಮಳೆಗಾಲದ ಏರುಪೇರುಗಳಿಂದಲೂ ಬೂತಾಯಿ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ. ಮರಿಮೀನನ್ನು ಹಿಡಿಯುವುದು, ಬಿಡುವುದು ನಮ್ಮ ಕೈಯಲ್ಲಿದೆ. ಮೊಟ್ಟೆಯಿಡುವ ಮೊದಲೇ ಮರಿಯನ್ನು ಬಾಚುವುದೆಂದರೆ ಬಿತ್ತನೆಗೆಂದು ಇಟ್ಟ ಬೀಜವನ್ನೇ ಕುಟ್ಟಿ ತಿಂದಂತೆ.

ಹಿರಿಯರಿಗೆ ರಂಪಣಿಯ ದಿನಗಳು ನೆನಪಿರಬಹುದು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಗಳು ಒಂದೊಂದಾಗಿ ದಡ ಸೇರಿದವು. ಯಾವ ದೋಣಿಗೆ ಎಷ್ಟು ಮೀನು ಬಿತ್ತು ಎಂಬ, ಇಬ್ಬರೂ ಒಪ್ಪುವಂತಹ ಲೆಕ್ಕ ಇಲ್ಲದಿದ್ದರೆ ಇಂತಹ ವಿವಾದದಲ್ಲಿ ಉಳಿಯುವುದು ಜಗಳ ಮಾತ್ರ. ನಾಡದೋಣಿಯವರಿಗೂ ಯಾಂತ್ರಿಕ ಬೋಟಿನವರಿಗೂ ಇಂದಿಗೂ ನಡೆಯುವ ತಕರಾರುಗಳ ಬುಡದಲ್ಲಿ ಈ ಕೊರತೆಯೂ ಇದೆ.

ಕಾಯಿದೆ ಇದೆ, ಕಣ್ಣು ಸಾಲದು

ನಮ್ಮಲ್ಲಿ ಕಾಯಿದೆಗಳಿಗೇನೂ ಬರವಿಲ್ಲ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಪ್ರಖರ ದೀಪ ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಬುಲ್ ಟ್ರಾಲ್ ಎಳೆಯುವುದನ್ನು ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಕಡಲಿನಲ್ಲಿ 2017ರ ನವೆಂಬರಿನಲ್ಲಿಯೇ ನಿಷೇಧಿಸಿದೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯಬಾರದೆಂಬ ಕಟ್ಟಳೆ ಇದೆ.

ಆದರೆ ಇವನ್ನೆಲ್ಲಾ ನೋಡಿಕೊಳ್ಳುವವರು ಯಾರು? ನೂರಾರು ಬೋಟು ತಂಗುವ ಬಂದರಿನಲ್ಲಿ ಬೆರಳೆಣಿಕೆಯ ಸಿಬ್ಬಂದಿ ಅಳತೆಪಟ್ಟಿ ಹಿಡಿದು ಎಷ್ಟು ಬುಟ್ಟಿ ಅಳೆದಾರು? ಸಿಕ್ಕಿಬಿದ್ದವನಿಗೆ ದಂಡ, ಸಿಗದವನಿಗೆ ಲಾಭ ಎಂದಾದರೆ ನಿಯಮ ಪಾಲಿಸುವವನೇ ಮೂರ್ಖನಾಗುತ್ತಾನೆ.

ಕಂಪ್ಯೂಟರ್ ದಾಖಲೆ ಈ ಕೆಲಸವನ್ನು ಸುಲಭಗೊಳಿಸುವ ಬಗೆ ಹೀಗೆ. ಒಂದು ಬೋಟಿಗೆ ನಾಲ್ಕು ಲೆಕ್ಕಗಳಿರುತ್ತವೆ: ಕಡಲಿನಲ್ಲಿದ್ದ ದಿನಗಳು, ಸುಟ್ಟ ಡೀಸೆಲ್, ದಡದಲ್ಲಿ ತೂಗಿದ ಮೀನು, ಆ ಬೋಟಿನ ಹೆಸರಿನಲ್ಲಿ ಮುಂದೆ ಮಾರಾಟವಾದ ಮೀನು. ನಾಲ್ಕೂ ಒಂದಕ್ಕೊಂದು ಹೊಂದಬೇಕು. ಉದಾಹರಣೆಗೆ, ದಡದಲ್ಲಿ ತೂಗಿದ್ದು 4 ಟನ್ ಆಗಿದ್ದು ಆ ಬೋಟಿನ ಹೆಸರು ಹಾಕಿ ರಫ್ತಾದದ್ದು 6 ಟನ್ ಆಗಿದ್ದರೆ, 2 ಟನ್ ಎಲ್ಲಿಂದ ಬಂತೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಧಿಕಾರಿ ಎಲ್ಲ ಬೋಟುಗಳನ್ನೂ ತಡೆದು ನಿಲ್ಲಿಸಬೇಕಾಗಿಲ್ಲ. ಲೆಕ್ಕ ಕೂಡದ ಕೆಲವನ್ನು ಮಾತ್ರ ನೋಡಿದರೆ ಸಾಕು. ಲೆಕ್ಕ ಸರಿಯಿದ್ದವನಿಗೆ ತಪಾಸಣೆಯ ಕಾಟ ಕಡಿಮೆಯಾಗುತ್ತದೆ.

ಕೊಳ್ಳುವವನೇ ಕೇಳುತ್ತಿದ್ದಾನೆ

ಇದು ಬೇಕೇ ಬೇಡವೇ ಎಂದು ಕುಳಿತು ಯೋಚಿಸುವ ಕಾಲವೂ ಕಳೆದುಹೋಗುತ್ತಿದೆ. ಯೂರೋಪಿನ ಒಕ್ಕೂಟ 2010ರ ಜನವರಿಯಿಂದಲೇ, ಕಡಲಿನಲ್ಲಿ ಹಿಡಿದ ಮೀನಿಗೆ ಅದನ್ನು ಹಿಡಿದ ಬೋಟು ಯಾವುದೆಂದು ತೋರಿಸುವ ಪ್ರಮಾಣಪತ್ರ ಕೇಳುತ್ತಿದೆ. ಭಾರತದಲ್ಲಿ ಅದನ್ನು ದೃಢೀಕರಿಸಿ ಕೊಡುವುದು ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. 2026ರ ಜನವರಿ 10ರಿಂದ ಅಲ್ಲಿನ ಆಮದುದಾರರು ಈ ಪತ್ರಗಳನ್ನು ಕಂಪ್ಯೂಟರ್ ಜಾಲದ ಮೂಲಕವೇ ಒಪ್ಪಿಸಬೇಕೆಂಬ ನಿಯಮವಾಗಿದೆ. ಅಮೆರಿಕವು 2019ರಲ್ಲಿ ನಮ್ಮ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ನಿಷೇಧಿಸಿದ್ದು ಸಿಗಡಿ ಕೆಟ್ಟಿತ್ತೆಂದಲ್ಲ, ಟ್ರಾಲ್ ಬಲೆಗಳಲ್ಲಿ ಕಡಲಾಮೆ ತಪ್ಪಿಸಿಕೊಳ್ಳುವ ಸಾಧನ ಇರಲಿಲ್ಲವೆಂದು. ಸರಕು ಹೇಗಿದೆ ಎಂಬ ಪ್ರಶ್ನೆಯ ಜೊತೆಗೆ ಅದು ಹೇಗೆ ಬಂತು ಎಂಬ ಪ್ರಶ್ನೆಯೂ ಈಗ ಬೆಲೆ ನಿರ್ಧರಿಸುತ್ತದೆ. ಯೂರೋಪಿಗೆ ದ್ರಾಕ್ಷಿ ಕಳುಹಿಸುವ ರೈತರು ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ತಮ್ಮ ತೋಟ ನೋಂದಾಯಿಸಿ ಈ ಪಾಠವನ್ನು ಮೊದಲೇ ಕಲಿತಿದ್ದಾರೆ.

ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. ಇಸ್ರೊ ಸಿದ್ಧಪಡಿಸಿದ ಸಂದೇಶವಾಹಕ ಯಂತ್ರ, ಅಂದರೆ ಟ್ರಾನ್ಸ್‌ಪಾಂಡರುಗಳನ್ನು, ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ನೀಡಲಾಯಿತು. 12 ನಾಟಿಕಲ್ ಮೈಲಿಗಳಾಚೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಂಪ್ಯೂಟರ್ ಮೂಲಕ ಉಚಿತ ಪ್ರವೇಶಪತ್ರ ಪಡೆಯಬೇಕೆಂಬ ನಿಯಮ 2025ರ ನವೆಂಬರಿನಲ್ಲಿ ಬಂದಿದೆ. ಸಾಂಪ್ರದಾಯಿಕ ಮೀನುಗಾರರಿಗೆ ಅದರಲ್ಲಿ ವಿನಾಯಿತಿ ಇದೆ.

ಇಂತಹ ಯಂತ್ರದ ಬೆಲೆ ಏನೆಂದು ಮಲ್ಪೆಯವರಿಗೆ ಯಾರೂ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿದೆಯೆಂದು ತಿಳಿದದ್ದು 2019ರ ಮೇ ತಿಂಗಳಲ್ಲಿ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಏಳು ಮನೆಗಳು ದಾರಿ ಕಾಯ್ದವು. ಮೀನಿನ ಜಾಡು ಹೇಳುವ ಯಂತ್ರವೇ ಮನುಷ್ಯನ ಜಾಡನ್ನೂ ಹೇಳುತ್ತದೆ.

ಮೀನುಗಾರರ ಅಳುಕು

ಈ ವಿಷಯ ಎತ್ತಿದಾಗಲೆಲ್ಲಾ ಕೆಲವು ಆಕ್ಷೇಪಣೆಗಳು ಕೇಳಿಬರುತ್ತವೆ. ಅವು ತಳ್ಳಿಹಾಕುವಂತಹವಲ್ಲ.

ಮೊದಲನೆಯದು, ಮೀನು ಸಿಗುವ ಜಾಗದ ಗುಟ್ಟು. ತಾಂಡೇಲನಿಗೆ ಅದು ತಲೆತಲಾಂತರದಿಂದ ಬಂದ ಆಸ್ತಿ. ಅದು ನೆರೆಯ ಬೋಟಿನವನಿಗೋ ವ್ಯಾಪಾರಿಗೋ ತಿಳಿಯಬಾರದು. ಕೊಳ್ಳುವವನಿಗೆ ಕಡಲಿನ ಒಂದು ವಿಶಾಲ ಚೌಕದ ಸಂಖ್ಯೆ ತಿಳಿದರೆ ಸಾಕು. ಖಚಿತ ಜಾಗದ ಮಾಹಿತಿ ಇಲಾಖೆಯ ಬಳಿ ಮಾತ್ರ ಗೋಪ್ಯವಾಗಿರಬೇಕು. ಅದನ್ನು ಹೊರಬಿಟ್ಟವರಿಗೆ ಶಿಕ್ಷೆಯಾಗಬೇಕು.

ಎರಡನೆಯದು, ಬರೆಯುವ ಹೊರೆ. ಬಲೆಯಲ್ಲಿ ಒಂದೇ ಬಾರಿಗೆ ಹತ್ತಾರು ಜಾತಿಯ ಮೀನು ಬೀಳುವ ಕಡಲು ನಮ್ಮದು. ಒಂದೆರಡು ಜಾತಿ ಮಾತ್ರ ಹಿಡಿಯುವ ದೇಶದ ನಮೂನೆಯನ್ನು ಹಾಗೆಯೇ ತಂದು ನಮ್ಮ ತಾಂಡೇಲನ ಕೈಗಿಟ್ಟರೆ ಅವನು ಬಾಯಿಗೆ ಬಂದ ಅಂಕಿ ತುಂಬಿಸುತ್ತಾನೆ. ಸುಳ್ಳು ಅಂಕಿ ಕಾಗದದಲ್ಲಿದ್ದರೂ ಸುಳ್ಳೇ, ಕಂಪ್ಯೂಟರಿನಲ್ಲಿದ್ದರೂ ಸುಳ್ಳೇ. ಯಂತ್ರದ ಮೇಲಿನ ಅತಿಯಾದ ಭಕ್ತಿಯೂ ಸಲ್ಲದು.

ಮೂರನೆಯದೇ ಬಹಳ ಗಂಭೀರವಾದದ್ದು. ರಫ್ತಾಗುವ ಒಳ್ಳೆಯ ಮೀನಿಗೆ ಹತ್ತು ಕಾಗದ ಕೇಳುತ್ತಾರೆ. ಮರಿಮೀನು ಸೇರಿದ ಕಸುರು ಮಾತ್ರ ಲಾರಿಗಟ್ಟಲೆ ಮೀನುಪುಡಿ ಕಾರ್ಖಾನೆಗೆ ಹೋಗುತ್ತದೆ. ಯೂರೋಪಿನ ಪ್ರಮಾಣಪತ್ರದ ನಿಯಮ ಹಸಿ, ಹೆಪ್ಪುಗಟ್ಟಿಸಿದ ಮತ್ತು ಸಂಸ್ಕರಿಸಿದ ಮೀನಿಗೆ ಅನ್ವಯಿಸುತ್ತದೆಯೇ ಹೊರತು ಮೀನುಪುಡಿಗಲ್ಲ. ಹೀಗಾಗಿ ಕಡಲಿಗೆ ಹಾನಿ ಹೆಚ್ಚಾಗುವ ಕಡೆಯೇ ಜಾಡು ಕಡಿದುಹೋಗುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು.

ಮಾಡಬೇಕಾದದ್ದೇನು?

1. ಕೇಳುವ ವಿವರಗಳು ಐದೇ ಇರಲಿ: ಬೋಟಿನ ನೋಂದಣಿ ಸಂಖ್ಯೆ, ಬಲೆಯ ಬಗೆ, ಹೋದ ಮತ್ತು ಬಂದ ದಿನ, ಕಡಲಿನ ಚೌಕ, ಮುಖ್ಯ ಜಾತಿವಾರು ತೂಕ. ಉಳಿದ ಸಣ್ಣಪುಟ್ಟ ಮೀನನ್ನು ಒಂದೇ ಗುಂಪಾಗಿ ಬರೆಯಲು ಅವಕಾಶವಿರಲಿ. ಎಲ್ಲವೂ ಕನ್ನಡದಲ್ಲಿ, ಊರವರು ಕರೆಯುವ ಮೀನಿನ ಹೆಸರುಗಳಲ್ಲಿಯೇ ಇರಲಿ.

2. ಒಮ್ಮೆ ಕೊಟ್ಟ ವಿವರವನ್ನು ಮತ್ತೊಮ್ಮೆ ಕೇಳಬಾರದು. ಡೀಸೆಲ್ ರಿಯಾಯಿತಿ, ಲೈಸೆನ್ಸು, ರಫ್ತು ಪತ್ರ ಎಲ್ಲಕ್ಕೂ ಅದೇ ದಾಖಲೆ ಸಲ್ಲಬೇಕು.

3. ಏಲಂ ನಡೆಯುವ ಸ್ಥಳದಲ್ಲಿ ತೂಕದ ಯಂತ್ರ ಕಡ್ಡಾಯವಾಗಲಿ. ತೂಗಿದೊಡನೆ ಒಂದು ಚೀಟಿ ಮೀನುಗಾರನ ಕೈಗೆ ಬರಲಿ. ಇದನ್ನು ಮೀನುಗಾರರ ಸಹಕಾರಿ ಸಂಘಗಳೇ ವಹಿಸಿಕೊಂಡರೆ ಉತ್ತಮ. ಆ ಚೀಟಿಯ ಆಧಾರದ ಮೇಲೆ ಬ್ಯಾಂಕಿನ ಸಾಲವೂ ಸಿಗುವಂತಾಗಬೇಕು.

4. ಮೀನುಪುಡಿ ಕಾರ್ಖಾನೆಯ ಬಾಗಿಲಿನಿಂದಲೇ ಈ ಕೆಲಸ ಆರಂಭವಾಗಲಿ. ಚೀಟಿಯಿಲ್ಲದ ಲಾರಿ ಒಳಗೆ ಹೋಗಕೂಡದು. ನೂರಾರು ಬೋಟು ಕಾಯುವುದಕ್ಕಿಂತ ಕೆಲವು ಗೇಟು ಕಾಯುವುದು ಸುಲಭ.

5. ನಾಡದೋಣಿಯವರಿಂದ ದೋಣಿವಾರು ಲೆಕ್ಕ ಬೇಡ. ಇಳಿದಾಣಕ್ಕೊಂದು ದಿನದ ಲೆಕ್ಕ ಸಾಕು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರ ಮೇಲೆ ಯಾವ ಹೊರೆಯೂ ಬೀಳಕೂಡದು.

6. ಮೊದಲ ಎರಡು ಋತುಗಳಲ್ಲಿ ದಾಖಲೆಯ ತಪ್ಪಿಗೆ ದಂಡವಿಲ್ಲದೆ ತಿಳಿವಳಿಕೆ ನೀಡಲಿ. ದಂಡದ ಭಯದಿಂದ ಬಂದ ಲೆಕ್ಕ ನಂಬಲರ್ಹವಾಗಿರುವುದಿಲ್ಲ.

ಮೀನುಗಾರ ಬಂಧುಗಳೇ, ಈ ವ್ಯವಸ್ಥೆ ಹೇಗಿದ್ದರೂ ಬರುತ್ತದೆ. ಅದು ಮೇಲಿನಿಂದ ಹೇರಿಕೆಯಾಗಿ ಬರಬೇಕೋ ನಿಮ್ಮ ಸಂಘದ ತೀರ್ಮಾನವಾಗಿ ಬರಬೇಕೋ ಎಂಬುದಷ್ಟೇ ನಿಮ್ಮ ಮುಂದಿರುವ ಆಯ್ಕೆ. ಬರುವ ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಮೊದಲು ನಿಮ್ಮ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿರಿ. ನಿಮ್ಮ ಷರತ್ತುಗಳನ್ನು ಬರೆದು ಇಲಾಖೆಗೆ ಕೊಡಿರಿ. ಅಲ್ಲಿಯವರೆಗೆ, ಬೇರೇನೂ ಆಗದಿದ್ದರೂ, ನಿಮ್ಮ ಬೋಟಿನ ಪ್ರತಿ ಯಾನದ ದಿನ, ಡೀಸೆಲ್ ಮತ್ತು ಮೀನಿನ ತೂಕವನ್ನು ಒಂದು ಪುಸ್ತಕದಲ್ಲಾದರೂ ಬರೆದಿಡಿರಿ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಕಡಲು ದೊಡ್ಡ ಕುಡಿಕೆಯೇ ನಿಜ; ಆದರೆ ಎಷ್ಟು ತೆಗೆದೆವೆಂಬ ಲೆಕ್ಕವಿಲ್ಲದಿದ್ದರೆ ಮುಂದಿನವರಿಗೆ ಎಷ್ಟು ಉಳಿಯಿತೆಂಬುದೂ ತಿಳಿಯದು.